ಹಾಲಮ್ಮ ಆರಿಸಿದ ಸೀತಾಳೆ

ಹಿಂದೊಂದು ಕಾಲಕ್ಕೆ, ಕಲ್ಲುಮಡಿಕೆ ಕೋಟೆಯ ನೇಕಾರ ಕೇರಿಯಲ್ಲಿ ಹಾಲಮ್ಮನ ಗಂಡ ಸತ್ತ. ಸೂತಕ ಕಳೆದ ದಿನ ಅವಳ ಮುಡಿಯ ಹೂ ಕಿತ್ತರು, ಬಳೆ ಒಡೆದರು, ನೂಲಿನ ಕೋಣೆಗೆ ಕಳಿಸಿದರು.

ಕೋಟೆ ಎಂದರೆ ಬರೀ ಬಂಡೆ. ಹಿತ್ತಿಲು ಯಾರಿಗೂ ಇಲ್ಲ. ಒಂದು ಹಿಡಿ ಮಣ್ಣು ಬೇಕೆಂದರೂ ಕೆಳಗಿಳಿದು ತರಬೇಕು. ಮನೆಯಲ್ಲಿ ಮೊದಲು ಮಗ್ಗ ಕೂರುತ್ತದೆ. ಮಗ್ಗ ಬಿಟ್ಟ ಜಾಗದಲ್ಲಿ ಒಲೆ, ಒಲೆ ಬಿಟ್ಟ ಜಾಗದಲ್ಲಿ ಮನುಷ್ಯರು. ಗಂಡ ಸತ್ತವಳಿಗೆ ನೂಲಿನ ಕಂತೆ ಇಡುವ ಕೋಣೆ. ಕಾಲು ಚಾಚಿದರೆ ಗೋಡೆ. ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ನೂಲಿಗೆ ಹಚ್ಚಿದ ಗಂಜಿ ಹುಳಿತ ನಾತ ಸದಾ ಇರುತ್ತದೆ. ವಿಧವೆ ಹೂ ಮುಡಿಯುವಂತಿಲ್ಲ, ಮುಟ್ಟುವಂತಿಲ್ಲ. ಕೇರಿಯ ಕಟ್ಟಳೆ ಅದು.

ಹಾಲಮ್ಮನಿಗೆ ಒಂದು ಕೆಲಸ ಕೊಟ್ಟರು. ಕಣಿವೆಯ ಕಾಡಿಗೆ ಹೋಗಿ ಬಣ್ಣ ಬೇಯಿಸುವ ಮರದ ಚಕ್ಕೆ ತರುವುದು. ಅಲ್ಲಿ ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿ ಸೀತಾಳೆ ಕಂಡಳು. ಮರದ ಮೇಲೇ ಹುಟ್ಟಿ ಮರದ ಮೇಲೇ ಬದುಕುವ ಗಿಡ. ಅದಕ್ಕೆ ಮಣ್ಣು ಬೇಡ. ಹಾಲಮ್ಮ ಅದರ ಮುಂದೆ ಬಹಳ ಹೊತ್ತು ಕೂತಳಂತೆ. ಆಮೇಲೆ ಚಕ್ಕೆಯ ಹೊರೆಯೊಳಗೆ ಬಚ್ಚಿಟ್ಟು ಮನೆಗೆ ತಂದಳು.

ಆರಿಸುವುದು ಆಗ ಅವಳಿಗೆ ಗೊತ್ತಿರಲಿಲ್ಲ. ಕಣ್ಣಿಗೆ ಚೆಂದ ಕಂಡದ್ದನ್ನು ತಂದಿದ್ದಳು. ಮಳೆ ಹಿಡಿದಾಗ ಅದು ಮೊಳದುದ್ದ ಹೂಬಿಟ್ಟು ಜಡೆಯ ಹಾಗೆ ಇಳಿಬಿತ್ತು. ಎದ್ದರೆ ತಲೆಗೆ ತಾಗಿತು, ಮಲಗಿದರೆ ಮುಖಕ್ಕೆ ತಾಗಿತು. ನೂಲು ತೆಗೆಯಲು ಬಂದ ಅತ್ತೆ ನೋಡಿದಳು.

"ಅಯ್ಯಯ್ಯೋ, ಗಂಡನ್ನ ನುಂಗಿದವಳಿಗೆ ಜಡೆ ಹೂ ಬೇಕಾಯ್ತಾ? ನಾಳೆ ಮೂಗುಬೊಟ್ಟು ಕೇಳ್ತೀಯೇನೇ?"

ಕಿತ್ತು ಬೀದಿಗೆ ಎಸೆದಳು. ಕತ್ತೆ ತಿಂದಿತು ಅಂತಾರೆ.

ಅಂದಿನಿಂದ ಹಾಲಮ್ಮ ದೊಡ್ಡದನ್ನು ಮುಟ್ಟಲಿಲ್ಲ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುವ ಲಾಳಿ ಇದೆಯಲ್ಲ, ಸವೆದು ಬಿಸಾಡಿದ ಅಂಥದ್ದೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಡಿಗೆ ಹೋದಳು. ಗಿಡ ಬೆಳೆದು ಮುಗಿದ ಮೇಲೂ ಆ ಲಾಳಿಯ ಮೇಲೆ ಕೂರಬೇಕು. ಲಾಳಿ ಮೀರಿದ್ದು ಕಾಡಿಗೇ ಇರಲಿ ಅನ್ನುತ್ತಿದ್ದಳಂತೆ. ಹೂ ಎಳ್ಳಿನಷ್ಟಿರಬೇಕು. ಒಣಹುಲ್ಲಿನ ಬಣ್ಣ ಇರಬೇಕು. ಕಣ್ಣಿಗೆ ಏನೂ ಕಾಣಬಾರದು, ಮೂಗಿಗೆ ಎಲ್ಲ ಸಿಗಬೇಕು.

ಇನ್ನೂ ಒಂದು ಇತ್ತು. ಹೊತ್ತು. ಕೇರಿಯವರು ಬೆಳಗಾಗುತ್ತಲೇ ಬೀದಿಯುದ್ದ ನೂಲು ಚಾಚಿ, ಗಂಜಿ ಹಚ್ಚಿ, ಬಿಸಿಲು ಏರುವ ಮೊದಲು ಉಜ್ಜಿ ಒಣಗಿಸಬೇಕು. ಅದಕ್ಕೆ ಹಾಸು ಎಳೆಯುವುದು ಅಂತಾರೆ. ಗಂಡಸರು, ಅತ್ತೆಯರು, ಸೊಸೆಯರು ಎಲ್ಲರೂ ಬೀದಿಯಲ್ಲಿ. ಚಾಚಿದ ನೂಲಿನ ಮೇಲೆ ವಿಧವೆಯರ ನೆರಳು ಬೀಳಬಾರದು, ಹಾಗಾಗಿ ಅವರು ಮಾತ್ರ ಒಳಗೆ. ಆ ಹೊತ್ತಿಗೆ ಘಮ ಬಿಟ್ಟು, ಜನ ಮನೆಗೆ ಬರುವಷ್ಟರಲ್ಲಿ ಮುಚ್ಚಿಕೊಳ್ಳುವ ಹೂ ಬೇಕಿತ್ತು. ಸಂಜೆ ಘಮ ಬಿಡುವವು ಎಷ್ಟೋ ಇದ್ದವು. ಮುಟ್ಟಲಿಲ್ಲ. ಅವಳು ಮರ ಹತ್ತಿ ಕೂತು ಯಾವ ಹೂ ಯಾವ ಹೊತ್ತಿಗೆ ಉಸಿರು ಬಿಡುತ್ತದೆಂದು ಕಾಯುತ್ತಿದ್ದಳಂತೆ. ಅವಳಿಗಾಗಿ ಕೊಂಬೆ ತಾನೇ ಬಾಗುತ್ತಿತ್ತಂತೆ. ಕೊಂಬೆ ಬಾಗಿದ್ದು ಸುಳ್ಳು. ಹತ್ತಿ ಬಿದ್ದು ಒಂದು ಕಾಲು ಕುಂಟಾಗಿದ್ದು ನಿಜ.

ಸಿಕ್ಕಿತು. ಲಾಳಿಗೆ ಕಟ್ಟಿ ಕಿಂಡಿಯಲ್ಲಿ ಇಟ್ಟಳು. ಅತ್ತೆ ಬಂದು ನೋಡಿ, ಹುಲ್ಲು ಅಂದುಕೊಂಡು ಹೋದಳು.

ಆಮೇಲೆ ಕೇರಿಯ ವಿಧವೆಯರಿಗೆಲ್ಲ ಸವೆದ ಲಾಳಿಗೆ ಕಟ್ಟಿ ಕೊಟ್ಟಳು. ಎಲ್ಲರಿಗೂ ಒಂದೇ ಗಿಡ ಅಲ್ಲ. ಹೋಗಿ ಅವರ ಕೋಣೆಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಕಿಂಡಿಯ ಬಿಸಿಲು ಎಲ್ಲಿಗೆ ಬರುತ್ತದೆ, ಒಲೆಯ ಹೊಗೆ ಎಲ್ಲಿಗೆ ಮುಟ್ಟುತ್ತದೆ, ನೋಡುತ್ತಿದ್ದಳು. ಬಿಸಿಲಿನ ಕೋಣೆಗೆ ದಪ್ಪ ಎಲೆಯದು. ಒದ್ದೆ ನೂಲು ತೂಗುಹಾಕುವ ಕೋಣೆಗೆ ತೆಳು ಎಲೆಯದು. ಕೋಟೆಯ ಹೆಬ್ಬಾಗಿಲಲ್ಲಿ ನಿಂತು, ಯಾರ ಗಿಡಕ್ಕೆ ನೀರು ಹೆಚ್ಚಾಗಿದೆ ಎಂದು ಮೂಗಿನಲ್ಲೇ ಹೇಳುತ್ತಿದ್ದಳು ಅಂತಾರೆ. ಇರಬಹುದು.

ಸಾತಜ್ಜಿ ಅಂತ ಒಬ್ಬ ಹಳೆಯ ವಿಧವೆ. ಅವಳು ಮೊದಲ ಬೆಳಗ್ಗೆ ಕಿಂಡಿಗೆ ಮೂಗಿಟ್ಟು ನಕ್ಕಳಂತೆ. "ಹಾಲಮ್ಮಾ, ಗಂಡ ಇದ್ದಾಗಲೂ ನನ್ನ ಕೋಣೆ ಹಿಂಗೆ ಘಮ್ಮಂದಿರಲಿಲ್ಲ ಕಣೇ. ಅವನ ಬಾಯಲ್ಲಿ ಬರೀ ಹೊಗೆಸೊಪ್ಪು."

ಹೀಗೆ ಬಹುಕಾಲ ನಡೆಯಿತು. ಯಾರಿಗೂ ಗೊತ್ತಾಗಲಿಲ್ಲ.

ಕೇರಿಯ ಯಜಮಾನ ಕಾಡಪ್ಪ. ಅವನ ಹಿರಿಮಗ ಸತ್ತ. ಸೊಸೆ ದುರುಗಿ ಇನ್ನೂ ಎಳೆಯವಳು. ಅನ್ನ ಬಿಟ್ಟಳು, ಮಾತು ಬಿಟ್ಟಳು. ಹಾಲಮ್ಮ ಅವಳ ಕೋಣೆಯಲ್ಲಿ ಕೂತು ನೋಡಿ, ತನ್ನ ಕಿಂಡಿಯ ಲಾಳಿಯನ್ನೇ ಇಳಿಸಿ ಕೊಟ್ಟಳು. ಹೂ ಬಿಟ್ಟ ಬೆಳಗ್ಗೆ ದುರುಗಿ ಎದ್ದು ಗಂಜಿ ಕುಡಿದಳಂತೆ. ಆಮೇಲೆ ದಿನವೂ ಕುಡಿದಳು.

ಮೋಡದ ಲೆಕ್ಕ ಹಾಲಮ್ಮನಿಗೆ ಇತ್ತು. ಮಳೆ ಬಂದರೆ ಹಾಸು ಎಳೆಯುವುದಿಲ್ಲ, ಜನ ಮನೆಯಲ್ಲೇ ಇರುತ್ತಾರೆ. ಅದಕ್ಕೇ ಬೇಸಿಗೆಯಲ್ಲಿ ಹೂಬಿಡುವುದನ್ನೇ ಆರಿಸಿದ್ದಳು. ಬೇಸಿಗೆಯ ಬೆಳಗ್ಗೆ ಆ ಕೋಟೆಯಲ್ಲಿ ಮಳೆ ಯಾರೂ ಕಂಡವರಿಲ್ಲ. ಆ ವರ್ಷ ಬಂತು. ಬೀದಿಯಲ್ಲಿ ಚಾಚಿದ್ದ ನೂಲು ನೆನೆಯಿತು. ಕಾಡಪ್ಪ ಒದ್ದೆ ನೂಲು ಹೊತ್ತು ನೇರ ದುರುಗಿಯ ಕೋಣೆಗೆ ನುಗ್ಗಿದ.

ಕೋಣೆ ತುಂಬ ಹೂವಿನ ಘಮ.

ಹುಡುಕಿದರು. ಕಂತೆ ಬಿಚ್ಚಿದರು, ಚಾಪೆ ಕೊಡವಿದರು, ದುರುಗಿಯ ಸೆರಗು ಜಾಲಾಡಿದರು. ಹೂ ಸಿಗಲಿಲ್ಲ. ಕಿಂಡಿಯಲ್ಲಿ ಹಳೆ ಲಾಳಿ, ಅದರ ಮೇಲೆ ಹುಲ್ಲು. ಅದನ್ನು ಯಾರೂ ನೋಡಲಿಲ್ಲ.

ಕಾಡಪ್ಪ ಅಂದ, "ಹೂವಿಲ್ಲ, ವಾಸನೆ ಇದೆ. ಹೂ ಮುಡಿಸಿದವನು ಹೂವಿನ ಜೊತೆಗೇ ಓಡಿದಾನೆ. ಯಾರವನು, ಬೊಗಳು."

ದುರುಗಿ ಬಾಯಿ ಬಿಡಲಿಲ್ಲ. ಬಿಟ್ಟರೆ ಕೇರಿಯ ಕಿಂಡಿಗಳೆಲ್ಲ ಬರಿದಾಗುತ್ತವೆ. ಬಿಡದಿದ್ದರೆ ತಲೆ ಬೋಳಿಸಿ ಹೆಬ್ಬಾಗಿಲ ಆಚೆ ದಬ್ಬುತ್ತಾರೆ.

ಬಣ್ಣದ ಹಂಡೆಯ ಹತ್ತಿರ ಹಾಲಮ್ಮನಿಗೆ ಸುದ್ದಿ ಮುಟ್ಟಿತು. ಸಾತಜ್ಜಿ ಅವಳ ಸೆರಗು ಹಿಡಿದಳು. "ಹೋಗಬೇಡ ಕಣೇ. ಒಬ್ಬಳು ಹೋದರೆ ಹೋಗಲಿ. ನಮಗೆ ಇರೋದು ಅದೊಂದೇ."

ಹಾಲಮ್ಮ ಸೆರಗು ಬಿಡಿಸಿಕೊಂಡಳು. ಕುಂಟುತ್ತ ಹೋಗಿ ದುರುಗಿಯ ಕಿಂಡಿಯ ಲಾಳಿ ಇಳಿಸಿ ಕಾಡಪ್ಪನ ಮುಂದೆ ಇಟ್ಟಳು. ಇದೇ ಹೂ, ನಾನೇ ಕೊಟ್ಟದ್ದು ಅಂದಳು.

ಅಷ್ಟು ಹೊತ್ತಿಗೆ ಮಳೆ ನಿಂತು ಬಿಸಿಲು ಏರಿತ್ತು. ಕಾಡಪ್ಪ ಮೂಸಿದ. ಏನೂ ಇಲ್ಲ. "ಹುಲ್ಲು ತಂದು ಹೂ ಅಂತೀಯಾ? ನಾನೇನು ಎತ್ತಾ, ಮೇಯೋಕೆ?" ಅಂದ. ಸುತ್ತ ನಿಂತವರು ನಕ್ಕರು.

"ಇದು ಘಮ ಬಿಡೋದು ಹಾಸು ಎಳೆಯೋ ಹೊತ್ತಿಗೆ, ಯಜಮಾನ್ರೇ. ಹಂಗಿರೋದನ್ನೇ ಆರಿಸಿದ್ದು. ನಾಳೆ ಬೆಳಗ್ಗೆ ನೋಡಿ. ಸುಳ್ಳಾದರೆ ಅವಳ ಜೊತೆ ನನ್ನನ್ನೂ ದಬ್ಬಿ."

ಯಾಕೆ ಹಾಗೆ ಆರಿಸಿದೆ ಎಂದು ಅವರು ಕೇಳಿದರು. ಅವಳು ಹೇಳಿದಳು. ಯಾರ ಯಾರ ಕಿಂಡಿಯಲ್ಲಿ ಇದೆ ಎಂದು ಕೇಳಿದರು. ಅದನ್ನೂ ಹೇಳಬೇಕಾಯಿತು.

ಮಾರನೆಯ ಬೆಳಗ್ಗೆ ಯಾರೂ ನೂಲು ಚಾಚಲಿಲ್ಲ. ಚಾವಡಿಯಲ್ಲಿ ಲಾಳಿ ಇಟ್ಟು ಸುತ್ತ ಕೂತರು. ಹೊತ್ತು ಹುಟ್ಟಿತು. ಮೊದಲು ಒಬ್ಬ ತಲೆ ಎತ್ತಿದ, ಆಮೇಲೆ ಇನ್ನೊಬ್ಬ. ಕೊನೆಗೆ ಚಾವಡಿಯೇ ಘಮ್ಮಂದಿತು. ಕಾಡಪ್ಪ ಕಣ್ಣು ಮುಚ್ಚಿ ಮೂಸಿದ. ಗಂಡಸು ಯಾರೂ ಬಂದಿಲ್ಲ, ಸೊಸೆಯ ಮೇಲೆ ತಪ್ಪಿಲ್ಲ ಅಂದ.

ಹಾಲಮ್ಮ ಕೈ ಮುಗಿದಳು.

ಆಗ ಕಾಡಪ್ಪನ ಹೆಂಡತಿ ಅಂದಳಂತೆ, "ಇಂಥ ಹೂ ಮುಂಡೇರ ಗೂಡಲ್ಲಿ ಯಾಕೆ? ನಮ್ಮ ಕಿರಿಸೊಸೆ ಬರ್ತಾಳೆ, ಅವಳ ಕೋಣೆಗಿರಲಿ."

ಎಲ್ಲರಿಗೂ ಸರಿ ಅನ್ನಿಸಿತು. ಅವತ್ತೇ ಮನೆಮನೆಗೆ ಹೋಗಿ ಕಿಂಡಿಗಳಿಂದ ಲಾಳಿ ಇಳಿಸಿದರು. ಯಾರ ಮನೆಯಲ್ಲಿ ಮದುವೆಯಾದ ಮಗ ಇದ್ದನೋ ಆ ಮನೆಗೆ ಕೊಟ್ಟರು. ದುರುಗಿಯ ಕಿಂಡಿಗೆ ಕಲ್ಲಿಟ್ಟು ಗಾರೆ ಮೆತ್ತಿದರು. ಸಾತಜ್ಜಿ ಬಂದು ಹಾಲಮ್ಮನ ಹೊಸ್ತಿಲ ಮೇಲೆ ಉಗಿದು ಹೋದಳು.

ಹೊಸ ಮದುವೆಯ ಕೋಣೆಗಳಲ್ಲಿ ಬಿಂದಿಗೆಗಟ್ಟಲೆ ನೀರು ಹೊಯ್ದರು, ಲೋಬಾನದ ಹೊಗೆ ಹಾಕಿದರು. ಗಿಡಗಳು ಕೊಳೆತವು. ಬೇರೆ ಆರಿಸಿಕೊಡು ಎಂದು ಕಾಡಪ್ಪ ಹೇಳಿ ಕಳಿಸಿದ. ಮರೆತುಹೋಗಿದೆ ಅಂದಳು ಹಾಲಮ್ಮ. ಸಾಯುವ ತನಕ ಚಕ್ಕೆ ತಂದಳು. ಅವಳ ಕೋಣೆಗೆ ಯಾವ ವಿಧವೆಯೂ ಮತ್ತೆ ಕಾಲಿಡಲಿಲ್ಲ. ದುರುಗಿ ಅನ್ನ ತಿಂದಳೋ ಇಲ್ಲವೋ, ಅದನ್ನು ಯಾರೂ ಹೇಳುವುದಿಲ್ಲ.

ಈಗಲೂ ಆ ಕೇರಿಗೆ ಸೊಸೆ ಬಂದರೆ ಅವಳ ಕೋಣೆಯ ಕಿಂಡಿಯಲ್ಲಿ ಕಾಡಿನಿಂದ ತಂದ ಯಾವುದೋ ಪುಟ್ಟ ಸೀತಾಳೆಯನ್ನು ಲಾಳಿಗೆ ಕಟ್ಟಿ ಇಡುತ್ತಾರೆ. ಹಾಲಮ್ಮನ ಹೂ ಅಂತಾರೆ, ಅವಳ ಹೆಸರು ಹೇಳಿ ಅರಿಶಿನ ಹಚ್ಚುತ್ತಾರೆ. ಮುತ್ತೈದೆಯರೇ ಹಚ್ಚಬೇಕು. ವಿಧವೆಯರನ್ನು ಒಳಗೆ ಕಳಿಸಿ ಬಾಗಿಲು ಹಾಕುತ್ತಾರೆ.