ಎಲ್ಲ ಸರಿಯಾಗಿತ್ತು

"ಟೀಚರ್, ನಮ್ಮ ಹುಡುಗಿಯರು ಯಾಕೆ ಬಾಯಿ ಬಿಡುವುದಿಲ್ಲ?" ಎಂದು ವನಮಾಲಾ ಕೇಳಿದಳು.

ಆಸ್ಪತ್ರೆಯ ತೀವ್ರ ನಿಗಾ ಘಟಕಕ್ಕೆ ಅವಳೇ ಇನ್‌ಚಾರ್ಜ್ ಸಿಸ್ಟರ್. ಪಾಳಿ ಮುಗಿದ ಮೇಲೆ ನರ್ಸ್‌ಗಳನ್ನೆಲ್ಲ ಕೂರಿಸಿಕೊಂಡು, ಮಾಡಿದ ಕೆಲಸವನ್ನು ಒಮ್ಮೆ ಹಿಂತಿರುಗಿ ನೋಡಿ, ಎಲ್ಲಿ ಎಡವಿದಿರಿ ಹೇಳಿ ಎನ್ನುತ್ತಿದ್ದಳು. ಎಲ್ಲರೂ ನೆಲ ನೋಡುತ್ತಿದ್ದರು. ಸಾಯಬಾರದ ರೋಗಿಯೊಬ್ಬ ಸತ್ತ ಮೇಲೂ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ವನಮಾಲಾಗೆ ರೇಗಿಹೋಗಿತ್ತು. ಇಂಥವರ ಕೈಗೆ ಜೀವಗಳನ್ನು ಒಪ್ಪಿಸಿ ನೆಮ್ಮದಿಯಾಗಿರುವುದು ಹೇಗೆ ಎಂದು, ತನಗೆ ಕೆಲಸ ಕಲಿಸಿದ ಕ್ಲೆಮೆನ್ಸಿಯಾ ಟೀಚರ್ ಹತ್ತಿರ ಬಂದಿದ್ದಳು.

ಟೀಚರ್ ಒಂದು ಕತೆ ಹೇಳಿದರು.

"ಒಂದು ಘಟಕದಲ್ಲಿ ಒಬ್ಬ ನರ್ಸ್ ಇದ್ದಳು. ಅವಳ ರೋಗಿಯ ರಕ್ತದೊತ್ತಡ ಒಂದು ಔಷಧದ ಬಲದಿಂದಲೇ ನಿಂತಿತ್ತು. ಔಷಧ ಬೀರುವಿನಲ್ಲಿ, ಬೀರುವಿನ ಕೀ ಇನ್‌ಚಾರ್ಜ್ ಸಿಸ್ಟರ್ ಸೊಂಟದಲ್ಲಿ, ಸಿಸ್ಟರ್ ಮೀಟಿಂಗಿನಲ್ಲಿ. ರೋಗಿಗೆ ಆ ಔಷಧವನ್ನು ಹನಿಹನಿಯಾಗಿ ಬಿಡುತ್ತಿದ್ದ ಸಿರಿಂಜ್ ಖಾಲಿಯಾಯಿತು. ನರ್ಸ್ ಓಡಿಹೋಗಿ ಕೀ ತರುವಷ್ಟರಲ್ಲಿ ರೋಗಿಯ ಜೀವ ಹೋಗಿ ಬಂದಂತಾಯಿತು. ಹೇಗೋ ಉಳಿದ. ಅವತ್ತು ಎಲ್ಲರೂ ಕೂತಾಗ ಅವಳೇ ಎದ್ದು ನಿಂತು, 'ಇನ್ನೊಂದು ಸಿರಿಂಜನ್ನು ನಾನು ಮೊದಲೇ ಸಿದ್ಧ ಮಾಡಿಕೊಳ್ಳಬೇಕಿತ್ತು, ತಪ್ಪಾಯಿತು. ಕೀ ನಮ್ಮ ಕೈಗೆ ಸಿಗುವಂತಿದ್ದರೆ ಒಳ್ಳೆಯದು' ಎಂದಳು. ಸಿಸ್ಟರ್‌ಗೆ ಮೊದಲ ಮಾತಷ್ಟೇ ಕೇಳಿಸಿತು. ಎಲ್ಲರೆದುರು ಹುಡುಗಿಯ ಮಾನ ಹರಾಜು ಹಾಕಿದಳು. ಕೀಯನ್ನು ಸೊಂಟದಲ್ಲೇ ಇಟ್ಟುಕೊಂಡು, ಅವಳನ್ನು ಹೊರರೋಗಿಗಳ ಚೀಟಿ ಬರೆಯುವ ಕಡೆಗೆ ಕಳಿಸಿಬಿಟ್ಟಳು."

ಟೀಚರ್ ದನಿ ಗಡುಸಾಯಿತು.

"ಹೇಳುವಾಗ ನನಗೆ ಈಗಲೂ ಮೈ ಉರಿಯುತ್ತದೆ. ಉಳಿದವರು ಇದನ್ನೆಲ್ಲ ನೋಡಿಕೊಂಡರು. ಮುಂದೆ ಇನ್ನೊಬ್ಬಳ ಪಾಳಿಯಲ್ಲಿ ಸಿರಿಂಜ್ ಹಾಗೆಯೇ ಖಾಲಿಯಾಯಿತು, ಕೀ ಬರುವುದು ಹಾಗೆಯೇ ತಡವಾಯಿತು. ಈ ಸಲದ ರೋಗಿ ಒಬ್ಬ ಹಸಿ ಬಾಣಂತಿ. ಅವಳು ಉಳಿಯಲಿಲ್ಲ. ಕೂಸನ್ನು ಎತ್ತಿಕೊಂಡು ಅವಳ ಗಂಡ ಬಾಗಿಲಲ್ಲಿ ನಿಂತಿದ್ದ. ಒಳಗೆ ನರ್ಸ್‌ಗಳೆಲ್ಲ ಸಿಸ್ಟರ್ ಮುಂದೆ ಕೂತು, 'ಎಲ್ಲ ಸರಿಯಾಗಿತ್ತು' ಎಂದು ಒಬ್ಬೊಬ್ಬರಾಗಿ ಹೇಳುತ್ತಿದ್ದರು. ಸಿಸ್ಟರ್ ತಲೆಯಾಡಿಸುತ್ತಿದ್ದಳು."

ವನಮಾಲಾಗೆ ತಡೆಯಲಾಗಲಿಲ್ಲ.

"ಅಂಥ ಸಿಸ್ಟರನ್ನು ಮೊದಲು ಮನೆಗೆ ಕಳಿಸಬೇಕಿತ್ತು ಟೀಚರ್. ನಿಜ ಹೇಳಿದವಳನ್ನೇ ಓಡಿಸಿದರೆ ಇನ್ಯಾರು ಹೇಳುತ್ತಾರೆ?"

"ನಿನ್ನ ಘಟಕದಲ್ಲಿ ಮೊದಲು ನಿಜ ಹೇಳಿದ ಹುಡುಗಿ ಈಗ ಎಲ್ಲಿದ್ದಾಳೆ?" ಎಂದು ಟೀಚರ್ ಕೇಳಿದರು.