ರಾಹುಕಾಲಕ್ಕೆ ಮೊದಲು

"ಗುರುಗಳೇ, ಗೊತ್ತಿದ್ದೂ ಹಿರಿಯರಿಗೆ ಎದುರಾಡದೆ ಸುಮ್ಮನಿದ್ದವನಿಗೆ ದೋಷ ತಟ್ಟುತ್ತದೆಯೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಅವನು ಕೇಳಿದ್ದಕ್ಕೆ ಕಾರಣವಿತ್ತು. ಅವನ ಅಣ್ಣ ತಂಗಿಗೆ ಒಂದು ಸಂಬಂಧ ಗೊತ್ತು ಮಾಡಿದ್ದ. ಹುಡುಗ ಕುಡಿಯುತ್ತಾನೆ, ಕುಡಿದಾಗ ಕೈ ಮಾಡುತ್ತಾನೆ ಎಂಬುದು ಮುರಿಗೆಪ್ಪನಿಗೆ ಮೊದಲೇ ತಿಳಿದಿತ್ತು. ನಿಶ್ಚಯದ ದಿನ ಅವನು ಬಾಯಿ ಬಿಡಲಿಲ್ಲ. ಈಗ ತಂಗಿ ತವರಿಗೆ ಮರಳಿದ್ದಳು. ಅವಳಿಗೆ ಒಂದು ಕಿವಿ ಕೇಳಿಸುತ್ತಿರಲಿಲ್ಲ.

ಗುರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರಿದ್ದರು. ತಂದೆ ತೀರಿಕೊಂಡಿದ್ದ. ಅವ್ವ ಇದ್ದಳು. ತಂದೆ ಓಡಿಸುತ್ತಿದ್ದ ಹಳೆಯ ಕಾರು ಮನೆಯಲ್ಲಿತ್ತು. ಅಪ್ಪನ ಗಾಡಿಗೆ ಹೊರಗಿನವರ ಕೈ ಬೇಡ ಎನ್ನುವುದು ಅಣ್ಣನ ಹಟ. ಹಾಗಾಗಿ ಅದರ ರಿಪೇರಿಯನ್ನೆಲ್ಲ ಇಬ್ಬರೂ ಅಂಗಳದಲ್ಲೇ ಮಾಡಿಕೊಳ್ಳುತ್ತಿದ್ದರು. ಬಿಚ್ಚಿ ಕಟ್ಟುವವನು ಅಣ್ಣ. ಪಕ್ಕದಲ್ಲಿ ಹಿಡಿದುಕೊಳ್ಳುವವನು ತಮ್ಮ.

ಅವ್ವನ ಅಕ್ಕ ದೂರದ ಊರಿನಲ್ಲಿ ಹಾಸಿಗೆ ಹಿಡಿದಿದ್ದಳು. ಅನ್ನ ಬಿಟ್ಟಿದ್ದಾಳೆ, ತಂಗಿ ಬಂದಳೇ ಎಂದು ಕೇಳುತ್ತಿದ್ದಾಳೆ ಎಂದು ಗುರುವಾರ ಫೋನು ಬಂತು. ಅವ್ವನಿಗೆ ಸೊಂಟದ ನೋವು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮರುದಿನ ಕಾರಿನಲ್ಲಿ ಹೋಗುವುದೆಂದಾಯಿತು.

ದೂರದ ದಾರಿಯಾದ್ದರಿಂದ ಅಣ್ಣ ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು ನೋಡಿದ. ಒಳಗಿನ ಟೈಮಿಂಗ್ ಬೆಲ್ಟ್ ಬಿರುಕು ಬಿಟ್ಟಿತ್ತು.

ಅದು ಹಲ್ಲುಗಳಿರುವ ರಬ್ಬರಿನ ಪಟ್ಟಿ. ಎಂಜಿನ್ನಿನಲ್ಲಿ ಕೆಳಗೊಂದು, ಮೇಲೊಂದು ಚಕ್ರ ಇರುತ್ತವೆ. ಕೆಳಗಿನದು ಪಿಸ್ಟನ್ನುಗಳ ಜೊತೆ ತಿರುಗುತ್ತದೆ. ಮೇಲಿನದು ವಾಲ್ವುಗಳನ್ನು ತೆರೆದು ಮುಚ್ಚುತ್ತದೆ. ಎರಡೂ ಹೊಂದಿಕೊಂಡು ತಿರುಗುವಂತೆ ಈ ಬೆಲ್ಟ್ ನೋಡಿಕೊಳ್ಳುತ್ತದೆ. ಹೊಂದಿಕೆ ತಪ್ಪಿದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಅದಕ್ಕಾಗಿ ಚಕ್ರಗಳ ಮೇಲೆ ಗುರುತು ಮಾಡಿರುತ್ತಾರೆ. ಗುರುತು ಕೂಡಿಸಿ ಬೆಲ್ಟ್ ಹಾಕಬೇಕು. ಹಾಕಿದ ಮೇಲೆ ಸ್ಪ್ಯಾನರ್ ಹಿಡಿದು ಎಂಜಿನ್ನನ್ನು ಕೈಯಿಂದ ಮೆಲ್ಲಗೆ ಎರಡು ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡಿತೇ ಎಂದು ನೋಡಬೇಕು. ನಡುವೆ ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಬೇಕು. ಇದು ಇಬ್ಬರಿಗೂ ಗೊತ್ತಿತ್ತು.

ಹೊಸ ಬೆಲ್ಟ್ ತರುವುದರಲ್ಲಿ ಗುರುವಾರ ಕಳೆಯಿತು. ಶುಕ್ರವಾರ ಬೆಳಿಗ್ಗೆ ಕೆಲಸ ಹಿಡಿದರು.

ಶುಕ್ರವಾರ ಹತ್ತೂವರೆಗೆ ರಾಹುಕಾಲ ಬರುತ್ತದೆ. ಕಳೆಯಲು ಹನ್ನೆರಡಾಗಬೇಕು. ಆ ಹೊತ್ತಿನಲ್ಲಿ ಆ ಮನೆಯವರು ಪ್ರಯಾಣ ಹೊರಡುತ್ತಿರಲಿಲ್ಲ. ಅದಕ್ಕೆ ಮೊದಲು ಗಾಡಿ ಚಾಲು ಮಾಡಿ ಚಕ್ರದ ಕೆಳಗಿನ ನಿಂಬೆಹಣ್ಣು ದಾಟಿಸಿಬಿಟ್ಟರೆ ಸಾಕು, ಹೊರಟಂತೆಯೇ. ಆಮೇಲೆ ಎಷ್ಟು ಹೊತ್ತು ನಿಂತರೂ ದೋಷವಿಲ್ಲ. ಅವ್ವ ಸೀರೆ ಉಟ್ಟು, ಅಕ್ಕನಿಗೆಂದು ಮೆತ್ತಗೆ ಕಲಸಿದ ಮೊಸರನ್ನದ ಡಬ್ಬಿ ಹಿಡಿದು, ನಿಂಬೆಹಣ್ಣು ಇಟ್ಟು ಕಾದು ನಿಂತಳು. ಕಳಿಸಿಕೊಡಲು ನೆರೆಯವರೂ ಬಂದಿದ್ದರು.

ಬೆಲ್ಟ್ ಬಿಗಿ ಮಾಡುವಾಗ ಮೇಲಿನ ಚಕ್ರ ಜರುಗಿತು. ಅಣ್ಣ ಕೆಳಗೆ ಬಗ್ಗಿದ್ದ. ಅವನಿಗೆ ಕಾಣಲಿಲ್ಲ. ಮೇಲೆ ಹಿಡಿದುಕೊಂಡಿದ್ದ ತಮ್ಮನಿಗೆ ಕಂಡಿತು. ಗುರುತು ಮೂರು ಹಲ್ಲು ಆಚೆ ಹೋಗಿತ್ತು.

"ಅಣ್ಣಾ, ಒಮ್ಮೆ ಕೈಯಲ್ಲಿ ತಿರುಗಿಸಿ ನೋಡೋಣ" ಎಂದ ತಮ್ಮ. ಮಾಡಬೇಕಾದ್ದನ್ನು ಹೇಳಿದ. ತಾನು ಕಂಡದ್ದನ್ನು ಹೇಳಲಿಲ್ಲ.

"ತಿರುಗಿಸುತ್ತಾ ಕೂತರೆ ರಾಹುಕಾಲ ಕಾಯುತ್ತದೇನೋ? ಹನ್ನೆರಡರ ತನಕ ಇಲ್ಲೇ ಕೂತಿರಬೇಕಾಗುತ್ತದೆ" ಎಂದ ಅಣ್ಣ. ನೆರೆಯವರ ಕಡೆ ತಿರುಗಿ, "ನೋಡಿರಿ, ಒಂದೇ ಹೆಣ್ಣನ್ನು ನಾಲ್ಕು ಸಲ ನೋಡಿ ಬಂದವನು ಇವನು. ಐದನೇ ಸಲ ಹೋಗುವಷ್ಟರಲ್ಲಿ ಅವಳ ಲಗ್ನವೇ ಆಗಿಹೋಗಿತ್ತು!" ಎಂದ.

ಎಲ್ಲರೂ ನಕ್ಕರು. ಅವ್ವನೂ ಸೆರಗು ಬಾಯಿಗಿಟ್ಟು ನಕ್ಕಳು.

ತಮ್ಮನ ಕಿವಿ ಬಿಸಿಯಾಯಿತು. ಗುರುತು ಜರುಗಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಲು ಒಂದು ಉಸಿರು ಸಾಕಿತ್ತು.

"ನಿನ್ನ ಇಷ್ಟ ಅಣ್ಣಾ" ಎಂದು ಅವನು ಕೈ ಒರೆಸಿಕೊಂಡ.

ಅಣ್ಣ ಹೋಗಿ ಕೂತು ಕೀಲಿ ತಿರುಗಿಸಿದ. ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯಿತು. ಎಂಜಿನ್ ಸಿಕ್ಕಿಕೊಂಡು ನಿಂತಿತು. ಅಷ್ಟರಲ್ಲೇ ವಾಲ್ವುಗಳು ಬಾಗಿಹೋಗಿದ್ದವು.

ಬಾಡಿಗೆಯ ಗಾಡಿ ಸಿಗುವಾಗ ಮೂರು ಗಂಟೆ. ಊರು ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ತೀರಿಕೊಂಡಿದ್ದ ದೊಡ್ಡವ್ವನ ಹಣೆಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಮಧ್ಯಾಹ್ನದವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳು, ಬೀದಿಯಲ್ಲಿ ಯಾವ ಗಾಡಿ ಸದ್ದಾದರೂ ತಲೆ ಎತ್ತುತ್ತಿದ್ದಳು ಎಂದು ಅವಳ ಸೊಸೆ ಹೇಳಿದಳು. ಅವ್ವ ಅನ್ನದ ಡಬ್ಬಿಯನ್ನು ಮಡಿಲಲ್ಲಿ ಹಿಡಿದುಕೊಂಡೇ ಅಕ್ಕನ ಪಕ್ಕ ಕೂತಳು. ಅದನ್ನು ಅವಳ ಕೈಯಿಂದ ತೆಗೆದುಕೊಳ್ಳಲು ಯಾರಿಗೂ ತೋಚಲಿಲ್ಲ.

ಯಾಕೆ ತಡವಾಯಿತು ಎಂದು ಬಂದವರೆಲ್ಲ ಕೇಳಿದರು.

"ತಮ್ಮ ಹೇಳಿದ್ದ. ನಾನು ಕೇಳಲಿಲ್ಲ. ಅವ್ವನಿಗೆ ಅವಳ ಅಕ್ಕನ ಮುಖ ತಪ್ಪಿಸಿದವನು ನಾನು" ಎಂದು ಅಣ್ಣ ಎಲ್ಲರ ಎದುರು ಹೇಳಿದ.

ತಮ್ಮನ ಮೇಲೆ ಯಾರೂ ತಪ್ಪು ಹೊರಿಸಲಿಲ್ಲ. ಅಣ್ಣ ಅಷ್ಟು ಹಾಸ್ಯ ಮಾಡಿದರೂ ಎದುರಾಡಲಿಲ್ಲ, ಮನೆತನ ಬಲ್ಲ ಹುಡುಗ ಎಂದು ಕೆಲವರು ಹೊಗಳಿದರು. ತಮ್ಮ ತಲೆ ಎತ್ತಲಿಲ್ಲ. ಅದನ್ನೂ ಅವರು ವಿನಯವೆಂದೇ ತಿಳಿದರು.

ಎಂಜಿನ್ ಬಿಚ್ಚಿಸಿ ಸರಿ ಮಾಡಿಸಿದರು. ಕಾರು ಮೊದಲಿನಂತೆ ಓಡಿತು. ಅವ್ವ ಮಾತ್ರ ಮತ್ತೆ ಅದರಲ್ಲಿ ಕೂರಲಿಲ್ಲ. ಬೈಯಲೂ ಇಲ್ಲ. ಕೂತರೆ ಸೊಂಟ ನೋಯುತ್ತದೆ ಎನ್ನುತ್ತಿದ್ದಳು. ಅಣ್ಣ ಅಂದಿನಿಂದ ಸ್ಪ್ಯಾನರ್ ಮುಟ್ಟಲಿಲ್ಲ. ಯಾರನ್ನೂ ಹಾಸ್ಯ ಮಾಡುವುದನ್ನೂ ಬಿಟ್ಟ. ಗುರುತು ಜರುಗಿದ್ದನ್ನು ತಾನು ಕಣ್ಣಾರೆ ಕಂಡಿದ್ದೆ ಎಂದು ಹೇಳಲು ತಮ್ಮ ಹಲವು ಸಲ ಅಣ್ಣನ ಕೋಣೆಯ ಬಾಗಿಲ ತನಕ ಹೋದ. ಹೋಗಿ, ಊಟಕ್ಕೆ ಬಾ ಅಣ್ಣಾ ಎಂದು ಕರೆದು ಹಿಂದಿರುಗಿದ. ಕೆಲವು ವರ್ಷಗಳಲ್ಲಿ ಅಣ್ಣನೂ ತೀರಿಕೊಂಡ. ಆ ಶುಕ್ರವಾರದ ತಪ್ಪೆಲ್ಲ ತನ್ನೊಬ್ಬನದೇ ಎಂದು ತಿಳಿದುಕೊಂಡೇ ಹೋದ.

ಗುರು ಕತೆ ನಿಲ್ಲಿಸಿದರು.

ಮುರಿಗೆಪ್ಪ ಕೇಳಿದ:

"ಆದರೂ ಗುರುಗಳೇ, ತಮ್ಮ ಒಂದು ಮಾತು ಹೇಳಿಯೇ ಹೇಳಿದ. ಅಣ್ಣ ಒಪ್ಪಲಿಲ್ಲ. ನಾಲ್ಕು ಜನರ ಎದುರು ಮತ್ತೆ ಮಾತು ಬೆಳೆಸದೆ ಸುಮ್ಮನಾದದ್ದು ಅಣ್ಣನ ಮೇಲಿನ ಗೌರವದಿಂದಲೇ ಅಲ್ಲವೇ?"

ಗುರು ಹೇಳಿದರು: "ಅಣ್ಣ ಕೀಲಿ ತಿರುಗಿಸುವಾಗ ತಮ್ಮ ಎಂಜಿನ್ನನ್ನು ನೋಡಲಿಲ್ಲ, ತನ್ನನ್ನು ನಗೆಪಾಟಲು ಮಾಡಿದ ಅಣ್ಣನ ಮುಖ ಈಗ ಹೇಗಾಗುತ್ತದೆ ಎಂದು ನೋಡುತ್ತ ನಿಂತಿದ್ದ."