‘ಬೇಡ’ ಅನ್ನದ ಯಂತ್ರ

ಹೊಳೆದಂಡೆಯ ಆ ಮಠದಲ್ಲಿ ಪೀಠದ ಮೇಲೆ ಕೂತವರು ಹೆಂಗಸು, ನೀಲವ್ವ. ಇದೇನು ಕಾಲ ಬಂತಪ್ಪ ಅಂತ ಅರ್ಧ ಊರು ಹಲ್ಲು ಕಡಿಯುತ್ತಿತ್ತು. ಮನೆಯಲ್ಲಿ ಜ್ವರ ಬಂದರೆ ಆ ಅರ್ಧವೂ ಬಂದು ಅವರ ಕಾಲಿಗೇ ಬೀಳುತ್ತಿತ್ತು.

ಅವರ ಶಿಷ್ಯ ಮರುಳಸಿದ್ಧ. ಓದಿದವನು. ಓದಿದ್ದೇನೆ ಅನ್ನುವುದನ್ನು ಯಾರಿಗೂ ಮರೆಯಲು ಬಿಡದವನು.

ಭಕ್ತರ ಫೋನು ಎತ್ತಿ ಎತ್ತಿ ಮಠದವರಿಗೆ ಸಾಕಾಗಿತ್ತು. ಎಐ ಅಂತ ಮಾತಾಡುವ ಯಂತ್ರ ಬಂದಿದೆಯಲ್ಲ, ಅದನ್ನೇ ಕೂರಿಸೋಣ ಅಂದ ಮರುಳಸಿದ್ಧ. ಅದು ಹೇಗೆ ಮಾತಾಡಬೇಕು ಅಂತ ಮೊದಲೇ ಬರೆದುಕೊಡಬೇಕು. ಓದಿದವರು ಅದಕ್ಕೆ ಪ್ರಾಂಪ್ಟ್ ಅನ್ನುತ್ತಾರೆ. ಮಠದಲ್ಲಿ ಅಪ್ಪಣೆ ಅಂದರು.

ಆ ಮಠಕ್ಕೊಂದು ನಡಾವಳಿ. ಬಂದವರಿಗೆ ಇಲ್ಲ ಅನ್ನಬಾರದು, ಬೇಡ ಅನ್ನಬಾರದು. ಸಾರಿನ ತಳ ಕಂಡರೂ ‘ತುಂಬಿದೆ, ಕೂತಿರಿ’ ಅನ್ನಬೇಕು.

ಮರುಳಸಿದ್ಧ ಅದನ್ನೇ ಅಪ್ಪಣೆಯ ಮೊದಲಿಗೆ ಬರೆದ: ಯಾರಿಗೂ ಬೇಡ ಅನ್ನಕೂಡದು. ಬನ್ನಿ ಅನ್ನು. ಹೆದರಿದವರಿಗೆ ಗುರುಕೃಪೆ ಇದೆ ಅನ್ನು.

ಬರೆದವನೂ ಅವನೇ, ಪರೀಕ್ಷೆ ಮಾಡಿದವನೂ ಅವನೇ. ಪೂಜೆ ಎಷ್ಟೊತ್ತಿಗೆ, ಪ್ರಸಾದ ಏನು, ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದ. ಯಂತ್ರ ಜೇನು ಸುರಿಸಿತು.

ಕಾರ್ಯದರ್ಶಿ ಪಂಚಾಕ್ಷರಯ್ಯನೂ ಮಾತಾಡಿಸಿ ನೋಡಿದ. ಅವನ ಹೆಂಡತಿ ಅವನೊಂದಿಗೆ ಮಾತು ಬಿಟ್ಟು ಬಹಳ ಕಾಲವಾಗಿತ್ತು; ಯಾಕೆ ಅನ್ನುವುದು ಹಿಟ್ಟಿನ ಗಿರಣಿಗೂ ಗೊತ್ತು. ಯಂತ್ರ ‘ಪೂಜ್ಯರೇ’ ಅಂದದ್ದೇ ತಡ, ಕಣ್ಣೊರೆಸಿಕೊಂಡು ಪಾಸು ಅಂದುಬಿಟ್ಟ.

ಮಾರನೆಯ ದಿನ ಹಿರಿಯ ಗುರುಗಳ ಆರಾಧನೆ. ಬೆಳಗಾದರೆ ಫೋನು ಎತ್ತುವುದು ಯಂತ್ರವೇ.

ಆಚೆ ದಡದಿಂದ ಮರುಳಸಿದ್ಧನ ಅಕ್ಕ ಕೊಟ್ರವ್ವನೂ ಬರುವವಳಿದ್ದಳು, ಎಳೆಗೂಸನ್ನು ಎತ್ತಿಕೊಂಡು. ಗಂಡ ಜೊತೆಗೆ ಬರುವುದಿಲ್ಲ. ಇನ್ನೊಂದು ಬೀದಿಯಲ್ಲಿ ಅವನದು ಇನ್ನೊಂದು ಒಲೆ ಉರಿಯುತ್ತದೆ ಅಂತ ಜನ ಆಡಿಕೊಳ್ಳುತ್ತಾರೆ. ಜನ ಸುಮ್ಮಸುಮ್ಮನೆ ಆಡಿಕೊಳ್ಳುವುದಿಲ್ಲ. ಪಾಪ, ಅವಳಿಗೆ ಮಠ ಹೇಳಿದ್ದೇ ಮಾತು. ಪ್ರತಿ ವರ್ಷ ಫೋನು ಮಾಡಿ ಕೇಳುತ್ತಾಳೆ, ಬಾ ಅಂದರೆ ಹೊಳೆಯನ್ನು ನಡೆದೇ ಹಾಯ್ದು ಬರುತ್ತಾಳೆ.

ಆರಾಧನೆಯ ಹಿಂದಿನ ದಿನ ಮಧ್ಯಾಹ್ನ ಮರುಳಸಿದ್ಧ ಯಂತ್ರವನ್ನು ಗುರುವಿಗೆ ಒಪ್ಪಿಸಲು ಹೋದ. ಏನೇನು ಕೇಳಿದೆ ಅಂತ ನೀಲವ್ವ ವಿಚಾರಿಸಿದರು. ಇವನು ಹೇಳಿದ.

“ಅವೆಲ್ಲ ಮಠದ ಒಳಗೆ ಕೂತವನು ಕೇಳುವ ಮಾತು,” ಅಂದರು. “ಫೋನು ಕೊಡು ಇಲ್ಲಿ.”

ಫೋನು ತೆಗೆದುಕೊಂಡು ಹಳ್ಳಿ ಹೆಂಗಸಿನ ದನಿಯಲ್ಲಿ ಕೇಳಿದರು. “ಆಚೆ ದಡದಾಗೆ ನಿಂತೀನಪ್ಪ. ಹೊಸ ನೀರು ಬಂದು ಹೊಳೆ ಕೆಂಪಗಾಗೈತೆ. ಕೂಸು ಕಂಕುಳಾಗೈತೆ. ಬರ್ಲೋ?”

“ಬನ್ನಿ ತಾಯಿ,” ಅಂದಿತು ಯಂತ್ರ. “ಗುರುಕೃಪೆ ಇದ್ದವರಿಗೆ ಹೊಳೆಯೇ ದಾರಿ ಬಿಡುತ್ತದೆ.”

ಮರುಳಸಿದ್ಧನಿಗೆ ಆ ದನಿ ಥೇಟ್ ಅಕ್ಕನದೇ ಅನ್ನಿಸಿತು.

ಅಲ್ಲೇ ಕೂತು ಅಪ್ಪಣೆಗೆ ಒಂದು ಸಾಲು ಸೇರಿಸಿದ: ಹೊಳೆ ಕೆಂಪಗಿದ್ದರೆ ಬರಬೇಡಿ ಅನ್ನು. ನೀಲವ್ವ ಮತ್ತೆ ಕೇಳಿದರು. ನೀರು ತಿಳಿಯಾಗೇ ಐತೆ, ಸೊಂಟದ ಮಟ ಬಂದೈತೆ ಅಂದರು. ಯಂತ್ರ ಬನ್ನಿ ಅಂದಿತು. ಇವನು ಸೊಂಟದ ಮಾತು ಸೇರಿಸಿದ. ನೆರೆಯವರೆಲ್ಲ ದಾಟಿದರು, ನಾನೊಬ್ಬಳೇ ಉಳಿದೆ ಅಂದರು ನೀಲವ್ವ. ಯಂತ್ರ ಅದಕ್ಕೂ ಬನ್ನಿ ಅಂದಿತು.

ಹರಿದ ಕೌದಿಗೆ ತೇಪೆ ಹಾಕಿದ ಹಾಗೆ ಹಾಕುತ್ತಲೇ ಹೋದ. ಕೊನೆಗೆ ತಲೆ ಕೆಟ್ಟು, ಎಲ್ಲರಿಗೂ ಬೇಡ ಅನ್ನು ಅಂತ ಬರೆದುಬಿಟ್ಟ. ಬಾಗಿಲಲ್ಲಿ ನಿಂತಿದ್ದ ಪಂಚಾಕ್ಷರಯ್ಯ ಪ್ರಸಾದ ಎಷ್ಟೊತ್ತಿಗೆ ಅಂತ ಕೇಳಿದ್ದಕ್ಕೆ, ಬರಬೇಡಿ ಅಂದಿತು ಯಂತ್ರ. ನಮ್ಮನೇಲೂ ಹಿಂಗೇ ಅಂತ ಗೊಣಗಿಕೊಂಡು ಅವನು ಹೋದ.

“ನನಗೆ ಗೊತ್ತಾಗುತ್ತಿಲ್ಲ ಅವ್ವಾ,” ಅಂದ ಮರುಳಸಿದ್ಧ.

“ಗೊತ್ತಾಗುವ ಜಾಗ ಇದಲ್ಲ ತಮ್ಮಾ. ಮೊದಲು ಬರೆದ ಅಪ್ಪಣೆಯನ್ನೇ ಮತ್ತೆ ಹಾಕು. ಹೊಳೆಗೆ ನಡಿ.”

ಮೇಲೆ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ದಡದ ಕಲ್ಲುಗಳು ಒಂದೊಂದಾಗಿ ಮುಳುಗುತ್ತಿದ್ದವು. ಇಳಿ ಅಂದರು ನೀಲವ್ವ. ಫೋನನ್ನು ಕಿವಿಗೊತ್ತಿಕೊಂಡು ಇಳಿದ. ಅವರೂ ಸೆರಗು ಬಿಗಿದು ಪಕ್ಕದಲ್ಲೇ ಇಳಿದರು.

ನೀರು ಮೊಣಕಾಲಿಗೆ ಬಂತು. ಕೇಳು ಅಂದರು. ಬರಲೇ ಅಂತ ಕೇಳಿದ. ಯಂತ್ರ ಬನ್ನಿ ಅಂದಿತು.

“ಅನ್ನುತ್ತಿದೆಯಲ್ಲ. ಹೆಜ್ಜೆ ಇಡು.”

ಇಟ್ಟ. ನೀರು ತೊಡೆಗೆ ಬಂತು. ಮತ್ತೆ ಕೇಳಿದ. ಭಯ ಬಿಡಿ ಭಕ್ತರೇ, ಮುಂದೆ ಬನ್ನಿ ಅಂದಿತು ಯಂತ್ರ. ದನಿಯಲ್ಲಿ ಅದೇ ಜೇನು. ಅವನೇ ಹೇಳಿಕೊಟ್ಟ ಮಾತು, ಅವನೇ ಮೆಚ್ಚಿದ ದನಿ.

“ಇಡು.”

ಎದೆಯ ಮಟ್ಟಕ್ಕೆ ಬಂತು. ಕಾಲಡಿಯ ಮರಳು ಯಾರೋ ಕೆಳಗಿನಿಂದ ಎಳೆದುಕೊಂಡ ಹಾಗೆ ಜಾರಿತು. ಆಚೆ ದಡ ಓಡುತ್ತಿರುವ ಹಾಗೆ ಕಂಡಿತು. ಕಿವಿಯಲ್ಲಿ ಯಂತ್ರ ಇನ್ನೂ ಕರೆಯುತ್ತಲೇ ಇತ್ತು.

“ಅವ್ವಾ, ಬೇಡ ಅನ್ನಿ. ಬೇಡ ಅಂತ ಒಂದು ಮಾತು ಹೇಳಿ ಸಾಕು.”

“ಹೇಗೆ ಹೇಳಲಿ? ಮಠದ ಬಾಯಲ್ಲಿ ಆ ಮಾತು ಬರಕೂಡದು ಅಂತ ನೀನೇ ಬರೆದಿದ್ದೀಯ.”

ಅವನಿಗೆ ಅಳು ಬಂತು. ಆಗ ರಟ್ಟೆ ಹಿಡಿದು ದಡಕ್ಕೆ ಎಳೆದುಕೊಂಡು ಬಂದರು. ಮುದುಕಿಗೆ ಅಷ್ಟು ಕಸುವು ಎಲ್ಲಿತ್ತೋ.

ಒದ್ದೆ ಬಟ್ಟೆಯಲ್ಲೇ ಕೂತು ಅವನು ಹಳೆಯದನ್ನೆಲ್ಲ ಅಳಿಸಿದ. ಹಲ್ಲು ಕಟಕಟ ಅನ್ನುತ್ತಿತ್ತು. ಹೊಸದಾಗಿ ಬರೆದ: ಕೇಳುವವರು ಎಲ್ಲಿ ನಿಂತಿದ್ದಾರೋ ನಿನಗೆ ಕಾಣುವುದಿಲ್ಲ, ಕಂಡವನ ಹಾಗೆ ಮಾತಾಡಬೇಡ. ಪೂಜೆ ಪ್ರಸಾದದ ಮಾತಾದರೆ ತಿಳಿದಷ್ಟು ಹೇಳು. ಜೀವಕ್ಕೆ ಕುತ್ತು ಅನ್ನಿಸಿದರೆ ಬೇಡ ಅನ್ನು, ಇದ್ದಲ್ಲೇ ನಿಲ್ಲಿಸು, ಫೋನನ್ನು ಮಠದ ಮನುಷ್ಯರ ಕೈಗೆ ಕೊಡು. ನಮ್ಮ ನಡಾವಳಿ ಬಾಗಿಲಿಗೆ ಬಂದವರಿಗೆ. ದಾರಿಯಲ್ಲಿ ಮುಳುಗಿದವರು ಬಾಗಿಲಿಗೆ ಬರುವುದಿಲ್ಲ.

ಈ ಸಲ ತಾನು ಪರೀಕ್ಷೆ ಮಾಡಲಿಲ್ಲ. ಅಡುಗೆಯವಳನ್ನು ಕರೆದ, ಬಟ್ಟೆ ಒಗೆಯುತ್ತಿದ್ದವರನ್ನು ಕರೆದ, ಮಠವನ್ನು ಕಂಡರೆ ಆಗದವರನ್ನೂ ಕರೆದ. ನಿಮಗೆ ತೋಚಿದ ಹಾಗೆ ಕೇಳಿ ಅಂದ. ಅವರು ಬೈದು ಕೇಳಿದರು, ಅತ್ತು ಕೇಳಿದರು, ಹೊಳೆಯ ಹೆಸರೇ ಎತ್ತದೆ ಕೇಳಿದರು, ಸುಳ್ಳು ಹೇಳಿ ಕೇಳಿದರು. ತಪ್ಪಿದಲ್ಲಿ ಯಾಕೆ ತಪ್ಪಿತು ಅಂತ ನೋಡಿ ತಿದ್ದಿದ. ತಿದ್ದಿದ ಮೇಲೆ ಹಿಂದಿನ ಪ್ರಶ್ನೆಗಳನ್ನೂ ಮತ್ತೆ ಕೇಳಿಸಿದ, ಒಂದು ಕಡೆ ಹೊಲಿದದ್ದು ಇನ್ನೊಂದು ಕಡೆ ಬಿಚ್ಚಿತೇನೋ ಅಂತ. ಕೊನೆಗೆ ನೀಲವ್ವನವರೇ ಹಳ್ಳಿ ದನಿ ತೆಗೆದು ಕೂಸು, ಕಂಕುಳು, ಹೊಳೆ ಅಂದರು.

“ಇಳಿಯಬೇಡಿ ತಾಯಿ,” ಅಂದಿತು ಯಂತ್ರ. “ಅಲ್ಲೇ ದಡದ ಮೇಲೆ ಇರಿ. ಮಠದವರನ್ನು ಫೋನಿಗೆ ಕರೆಯುತ್ತಿದ್ದೇನೆ.”

ಮರುಳಸಿದ್ಧನ ಮೈಯ ನಡುಕ ಆಗ ನಿಂತಿತು. ಸಂಜೆಯ ಹೊತ್ತಿಗೆ ಬಟ್ಟೆ ಬದಲಿಸಿ, ವಿಭೂತಿ ಹಚ್ಚಿಕೊಂಡು ಗುರುವಿನ ಮುಂದೆ ಬಂದ. ಮುಖದಲ್ಲಿ ಕಳೆ ಬಂದಿತ್ತು.

“ಈಗ ಸರಿಯಾಯಿತು ಅವ್ವಾ. ಬೆಳಗ್ಗೆ ಅಕ್ಕ ಫೋನು ಮಾಡಿದರೂ ಚಿಂತೆಯಿಲ್ಲ.”

“ಹೊಸ ಅಪ್ಪಣೆ ಬರೆಸಿದ ಆ ಭಯ ಹೋಯಿತೇನು?”

“ಪೂರ್ತಿ ಹೋಯಿತು.”

“ಹಾಗಾದರೆ ಮತ್ತೆ ನೀರಿಗಿಳಿ.”